ಮೊಟ್ಟೆ ತಿಂದ ಹುಡುಗಿ

ಮಕ್ಕಳು ಇದ್ದಕ್ಕಿದ್ದಂತೆ ಒಳ್ಳೆಯವರಾದರೆ ನನಗೆ ಅನುಮಾನ ಬರುತ್ತದೆ. ಸೌದಿ ಅರೇಬಿಯಾದ ಜಿದ್ದಾ ನಗರದ ಒಂದು ಭಾರತೀಯ ಶಾಲೆಯಲ್ಲಿ ಒಂದನೇ ತರಗತಿಯ ಹುಡುಗಿಯರಿಗೆ ಪಾಠ ಹೇಳುತ್ತಾ ಹೇಳುತ್ತಾ ಈ ಗುಣ ನನ್ನಲ್ಲಿ ಗಟ್ಟಿಯಾಗಿಬಿಟ್ಟಿದೆ. ತರಗತಿಯಲ್ಲಿ ಗಲಾಟೆ ಇದ್ದರೆ ನಾನು ನಿಶ್ಚಿಂತೆಯಿಂದ ಬೋರ್ಡಿನ ಕಡೆ ತಿರುಗಿ ಬರೆಯಬಲ್ಲೆ. ಸದ್ದು ನಿಂತರೆ ಮಾತ್ರ ಕೈ ನಿಲ್ಲುತ್ತದೆ. ತಿರುಗಿ ನೋಡಿದರೆ ಯಾರೋ ಯಾರದೋ ಜಡೆಗೆ ಗೋಂದು ಹಚ್ಚುತ್ತಿರುತ್ತಾರೆ.

ಗಂಡ ಬಂದರಿನಲ್ಲಿ ಹಡಗು ಕಂಪನಿಯೊಂದರ ಕಚೇರಿಯಲ್ಲಿದ್ದಾರೆ. ಮನೆಯಲ್ಲಿ ಫ್ರಿಜ್ಜಿನ ಬಾಗಿಲು ಯಾರು ತೆರೆದರೆಂದು ನಾನು ವಿಚಾರಣೆ ಶುರುಮಾಡಿದರೆ ಅವರು, "ನಿನ್ನನ್ನು ಕಸ್ಟಮ್ಸ್‌ನಲ್ಲಿ ಕೂರಿಸ್ಬೇಕಿತ್ತು ಮಾರಾಯ್ತಿ. ಒಂದು ಪೆಟ್ಟಿಗೆಯೂ ದಾಟಿ ಹೋಗ್ತಿರ್ಲಿಲ್ಲ" ಎನ್ನುತ್ತಾರೆ.

ಹಾಗಾಗಿ, ಆ ವರ್ಷ ನಮ್ಮ ಸೂಪರ್‌ವೈಸರ್ ಮೇಡಂ ಶಿಕ್ಷಕಿಯರ ಸಭೆಯಲ್ಲಿ "ಈ ಸಲ ಮಕ್ಕಳಿಗೆ ದಯೆಯನ್ನು ಕಲಿಸೋಣ" ಎಂದಾಗ ಎಲ್ಲರೂ ತಲೆಯಾಡಿಸಿದರು, ನಾನು ಮಾತ್ರ ಸುಮ್ಮನೆ ಕೂತೆ. ಪ್ರತಿ ತರಗತಿಯ ಗೋಡೆಗೂ ಒಂದು ಕಾಗದದ ಮರ ಅಂಟಿಸಬೇಕು. ಯಾವ ಮಗು ದಯೆಯ ಕೆಲಸ ಮಾಡುತ್ತದೋ ಅದರ ಹೆಸರಿನ ಹಸಿರು ಎಲೆಯೊಂದನ್ನು ಮರಕ್ಕೆ ಹಚ್ಚಬೇಕು. ತಿಂಗಳ ಕೊನೆಗೆ ಹೆಚ್ಚು ಎಲೆ ಇದ್ದವಳ ತಲೆಗೆ ಚಿನ್ನದ ಬಣ್ಣದ ಕಿರೀಟ. ಅವಳ ಫೋಟೋ ತಾಯಂದಿರ ವಾಟ್ಸ್ಆ್ಯಪ್ ಗುಂಪಿಗೆ.

ಒಂದು ವಾರ ಆಗುವುದರೊಳಗೆ ನನ್ನ ತರಗತಿಯಲ್ಲಿ ದಯೆ ಉಕ್ಕಿ ಹರಿಯತೊಡಗಿತು. ಪೆನ್ಸಿಲುಗಳು ತಾವಾಗಿಯೇ ನೆಲಕ್ಕೆ ಬೀಳುತ್ತಿದ್ದವು, ಬಿದ್ದ ತಕ್ಷಣ ಹೆಕ್ಕಲು ಕೈಗಳು ಚಾಚುತ್ತಿದ್ದವು, ಹೆಕ್ಕಿದವಳು ಮೊದಲು ನೋಡುತ್ತಿದ್ದದ್ದು ನನ್ನ ಮುಖವನ್ನು. "ಮಿಸ್, ನೋಡಿದ್ರಾ? ನಾನು ಕೊಟ್ಟೆ." ಕಾರಿಡಾರಿನಲ್ಲಿ ಒಬ್ಬಳು ಇನ್ನೊಬ್ಬಳಿಗೆ ಪಿಸುಗುಟ್ಟುವುದನ್ನು ನಾನೇ ಕಿವಿಯಾರೆ ಕೇಳಿದೆ: "ನೀನು ಸುಮ್ಮನೆ ಅಳು, ಪ್ಲೀಸ್. ನಾನು ಸಮಾಧಾನ ಮಾಡ್ತೇನೆ. ನಾಳೆ ನಾನು ಅಳ್ತೇನೆ." ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದರೆ ಉಳಿದವರು ನಕ್ಕರು. ನನಗೆ ನಗು ಬರಲಿಲ್ಲ. ಆರು ವರ್ಷದ ಮಕ್ಕಳಿಗೆ ನಾವು ಯಾವ ವಿದ್ಯೆ ಕಲಿಸುತ್ತಿದ್ದೇವೆ ಎಂದು ಒಳಗೊಳಗೇ ಕಸಿವಿಸಿಯಾಯಿತು.

ಆ ತರಗತಿಯಲ್ಲಿ ಎಲೆ ಬೇಕೆಂದು ಒಮ್ಮೆಯೂ ಕೇಳದವರು ಇಬ್ಬರೇ. ಮೂರನೆಯ ಸಾಲಿನಲ್ಲಿ ಒಟ್ಟಿಗೆ ಕೂರುತ್ತಿದ್ದರು.

ಒಬ್ಬಳು ಉಡುಪಿ ಕಡೆಯ ಮನೆಯವಳು, ಹುಟ್ಟಿದ್ದು ಜಿದ್ದಾದಲ್ಲೇ. ತರಗತಿಯಲ್ಲೇ ಸಣ್ಣ ಆಕಾರ, ತೆಳ್ಳಗಿನ ಕೈಕಾಲು, ಇಸ್ತ್ರಿ ಮಾಡಿದ ರಿಬ್ಬನ್ನು. ಮಾತಾಡಿದರೆ ಇಂಗ್ಲಿಷ್. ಕನ್ನಡ ಅರ್ಥವಾಗುತ್ತಿತ್ತು, ಬೇಕೆಂದರೆ ಮಾತ್ರ ಆಡುತ್ತಿದ್ದಳು. ಇನ್ನೊಬ್ಬಳು ಉಳಿದವರಿಗಿಂತ ಒಂದು ವರ್ಷ ದೊಡ್ಡವಳು, ಎತ್ತರವೂ ಹಾಗೆಯೇ. ಅವಳ ತಂದೆ ಕುಂದಾಪುರದ ಕಡೆಯವರು, ಏಸಿ ರಿಪೇರಿ ಕೆಲಸ. ಮೊದಲು ದೂರದ ಮರುಭೂಮಿಯ ಊರು ಹಫ್ರ್ ಅಲ್ ಬಾತಿನ್‌ನಲ್ಲಿದ್ದರಂತೆ. ಅಲ್ಲಿ ಮಗಳಿಗೆ ಸರಿಯಾದ ಶಾಲೆ ಸಿಗದೆ ಒಂದು ವರ್ಷ ಮನೆಯಲ್ಲೇ ಕಳೆದು, ಆಮೇಲೆ ವೀಸಾ ಕೊಡುವ ಕಫೀಲ್ ಬದಲಾಗಿ ಜಿದ್ದಾಕ್ಕೆ ಬಂದಿದ್ದರು. ಅವಳಿಗೆ ಇಂಗ್ಲಿಷ್ ತೊಡಕು. ನಾನು ಕನ್ನಡದವಳೆಂದು ಗೊತ್ತಾದ ದಿನ ಅವಳ ಮುಖ ಸಡಿಲವಾಯಿತು. ಉಳಿದವರು ನನ್ನನ್ನು "ಮಿಸ್" ಎಂದರೆ ಇವಳು ಊರಿನ ಹಾಗೆ "ಟೀಚರ್" ಎಂದೇ ಕರೆಯತೊಡಗಿದಳು. ಇಬ್ಬರಿಗೂ ಕನ್ನಡ ಗೊತ್ತಲ್ಲ ಎಂದು ಅವರನ್ನು ಜೊತೆಗೆ ಕೂರಿಸಿದವಳು ನಾನೇ.

ಸಣ್ಣವಳ ತಾಯಿ ಒಂದು ಬೆಳಿಗ್ಗೆ ನನಗೆ ವಾಯ್ಸ್ ಮೆಸೇಜ್ ಕಳಿಸಿದರು. ಶಾಲೆಯ ಗೇಟು ದಾಟಿ, ಮೈಮೇಲಿನ ಕಪ್ಪು ಅಬಾಯಾ ಕಳಚಿ ಮೊಳೆಗೆ ತೂಗುಹಾಕುತ್ತಾ ಕೇಳಿದೆ.

"ಟೀಚರ್, ಅಸ್ಸಲಾಮು ಅಲೈಕುಂ. ಒಂದು ವಿಷಯ ಕೇಳ್ಲಿಕ್ಕಿತ್ತು. ಕೆಲವು ದಿನದಿಂದ ಮಗು ಮನೆಗೆ ಬಂದ ಕೂಡ್ಲೇ ಬಾಟ್ಲಿ ಎತ್ತಿ ಗಟಗಟ ನೀರು ಕುಡೀತಾಳೆ. ಶೂ ತೆಗಿಲಿಕ್ಕೂ ಪುರ್ಸೊತ್ತಿಲ್ಲ, ಅನ್ನ ಕೇಳ್ತಾಳೆ. ತಿಂಡಿ ಬಾಕ್ಸ್ ನೋಡಿದ್ರೆ ಪೂರಾ ಖಾಲಿ. ಬಾಕ್ಸೂ ಖಾಲಿ, ಹೊಟ್ಟೆಯೂ ಖಾಲಿ. ಇದು ಹೇಗೆ ಟೀಚರ್?"

ಮಧ್ಯಾಹ್ನ ನಾನು ಫೋನು ಮಾಡಿದೆ. ಆಕೆ ಓದಿದವರು, ಊರಲ್ಲಿ ಬ್ಯಾಂಕಿನಲ್ಲಿದ್ದವರು. ಇಲ್ಲಿ ಗಂಡನ ವಾಸದ ಪರವಾನಗಿ, ಇಕಾಮಾದ ಮೇಲೆ ಬಂದು ಮನೆಯಲ್ಲಿದ್ದರು. ಮಾತು ಅಳೆದು ಆಡುವವರು.

"ಅವಳ ಪಕ್ಕದಲ್ಲಿ ಕೂರುದು ಯಾರು ಟೀಚರ್?"

"ಯಾಕೆ ಕೇಳ್ತಿದ್ದೀರಿ?" ಎಂದೆ.

"ಆ ದೊಡ್ಡ ಹುಡುಗಿ ಅಲ್ವಾ? ನಾನು ಗೇಟಿನಲ್ಲಿ ನೋಡಿದ್ದೇನೆ. ಅವಳಪ್ಪನಿಗೆ ಎಂತ ಕೆಲಸ?"

"ಅದು ನನಗ್ಯಾಕೆ? ನಿಮಗ್ಯಾಕೆ?"

"ಹಾಗಲ್ಲ ಟೀಚರ್. ನಾನು ಯಾರ ಮೇಲೂ ಹೇಳುದಲ್ಲ. ಒಮ್ಮೆ ನೋಡಿ ಅಂತ ಹೇಳಿದ್ದು."

ಆಕೆ ಕೇಳಿದ ರೀತಿ ನನಗೆ ಹಿಡಿಸಲಿಲ್ಲ. ಆದರೆ ಪ್ರಶ್ನೆ ಒಳಗೆ ಬಂದು ಕೂತಿತು. ಮರುದಿನದಿಂದ ನಾನು ನೋಡಲು ಶುರುಮಾಡಿದೆ.

ಹೊರಗೆ ಧಗೆ ಇರುವುದರಿಂದ ನಮ್ಮ ಮಕ್ಕಳು ವಿರಾಮದಲ್ಲಿ ತರಗತಿಯೊಳಗೇ ತಿನ್ನುತ್ತಾರೆ. ನಾನು ಪುಸ್ತಕ ತಿದ್ದುತ್ತಿರುವಂತೆ ತಲೆ ತಗ್ಗಿಸಿ, ಕಣ್ಣನ್ನು ಮಾತ್ರ ಮೂರನೆಯ ಸಾಲಿನಲ್ಲಿಟ್ಟೆ. ಸಣ್ಣವಳು ಬಾಕ್ಸ್ ತೆರೆದಳು. ಅದರಲ್ಲಿ ಬೇಯಿಸಿದ ಮೊಟ್ಟೆ, ಚೀಸ್ ಹಚ್ಚಿ ಸುತ್ತಿದ ಖುಬ್ಬೂಸ್ ರೊಟ್ಟಿ. ಸುತ್ತ ಒಮ್ಮೆ ನೋಡಿದಳು. ಬಾಕ್ಸನ್ನು ಮೇಜಿನ ಕೆಳಗೆ ಜಾರಿಸಿದಳು. ದೊಡ್ಡವಳು ಬಗ್ಗಿದಳು. ಮತ್ತೆ ಎದ್ದಾಗ ಅವಳ ಎರಡೂ ಕೆನ್ನೆ ತುಂಬಿದ್ದವು.

ಮರುದಿನವೂ ಹಾಗೆಯೇ ಆಯಿತು. ಅದರ ಮರುದಿನವೂ.

ದೊಡ್ಡವಳನ್ನು ಹೊರಗೆ ಕರೆದು ಕೇಳಿದೆ, "ಯಾರ ಮೊಟ್ಟೆ ತಿಂದದ್ದು ನೀನು?"

"ನಂದೇ ಟೀಚರ್." ನನ್ನ ಕಣ್ಣು ತಪ್ಪಿಸಿ ಚಪ್ಪಟೆ ದನಿಯಲ್ಲಿ ಹೇಳಿದಳು. ಸುಳ್ಳು ಹೇಳಿ ಅಭ್ಯಾಸ ಇಲ್ಲದ ಮಕ್ಕಳು ಹೇಳುವ ಹಾಗೆ.

ಸಣ್ಣವಳನ್ನು ಕೇಳಿದರೆ ಅವಳು ಕೈ ಹಿಂದೆ ಕಟ್ಟಿಕೊಂಡು ಪದ್ಯ ಒಪ್ಪಿಸುವಂತೆ ನಿಂತಳು. "ನಾನೇ ಕೊಟ್ಟೆ ಮಿಸ್. ಹಂಚಿಕೊಳ್ಳುವುದು ದಯೆ."

ನಾನು ಬೋರ್ಡಿನ ಮೇಲೆ ಬರೆಸಿದ್ದ ವಾಕ್ಯವೇ ಅದು. ಬಿದ್ದ ರಬ್ಬರು ಎತ್ತಿಕೊಟ್ಟರೂ ಎಲೆ ಕೇಳುವ ಈ ತರಗತಿಯಲ್ಲಿ, ದಿನವೂ ತನ್ನ ತಿಂಡಿಯನ್ನೇ ಕೊಟ್ಟುಬಿಡುವ ಮಗು ಯಾಕೆ ಎಲೆ ಕೇಳುವುದಿಲ್ಲ? ಕೊಡುವಾಗ ಮೇಜಿನ ಕೆಳಗೆ ಯಾಕೆ ಕೊಡಬೇಕು? ದೊಡ್ಡವಳು ಹೆದರಿಸಿದ್ದಾಳೆ, ಹೀಗೆ ಹೇಳು ಎಂದು ಹೇಳಿಕೊಟ್ಟಿದ್ದಾಳೆ ಎಂದುಕೊಂಡೆ. ಆದರೆ ದೊಡ್ಡವಳ ಬಾಕ್ಸನ್ನು ನಾನು ನೋಡಿದ್ದೆ. ಅದರಲ್ಲಿ ಚಪಾತಿ, ಪಲ್ಯ, ಕೆಲವು ದಿನ ಖರ್ಜೂರ, ಎಲ್ಲವೂ ತುಂಬಿಯೇ ಇರುತ್ತಿತ್ತು. ಹೊಟ್ಟೆಗಿಲ್ಲದೆ ಕಿತ್ತುಕೊಳ್ಳುವವಳಲ್ಲ.

ನಾನು ಇನ್ನೂ ಲೆಕ್ಕ ಹಾಕುತ್ತಿರುವಾಗಲೇ ಆ ತಾಯಿ ಸೂಪರ್‌ವೈಸರ್ ಮೇಡಂಗೂ ಫೋನು ಮಾಡಿದ್ದರು. ಮೇಡಂ ನನ್ನನ್ನು ಕರೆದು, "ಜಾಗ ಬದಲಿಸಿ, ವಿಷಯ ಮುಗಿಯಿತು. ದಯೆಯ ವರ್ಷದಲ್ಲಿ ಇಂಥ ದೂರು ನಮಗೆ ಬೇಡ" ಎಂದರು. ದೊಡ್ಡವಳ ಚೀಲವನ್ನು ನಾನೇ ಎತ್ತಿ ಮುಂದಿನ ಸಾಲಿಗೆ, ನನ್ನ ಮೇಜಿನ ಎದುರಿಗೇ ತಂದಿಟ್ಟೆ. ಅವಳು ಹಿಂದಕ್ಕೆ ತಿರುಗಿ ನೋಡಿದಳು, ಅಷ್ಟೆ.

ಅಂದಿನ ವಿರಾಮದಲ್ಲಿ ಸಣ್ಣವಳು ಬಾಕ್ಸ್ ತೆರೆಯಲಿಲ್ಲ. ಅದರ ಮೇಲೆ ಕೈ ಇಟ್ಟುಕೊಂಡು ಕೂತಳು. ಗಂಟೆ ಹೊಡೆಯುವ ಹೊತ್ತು ಹತ್ತಿರವಾದಂತೆ ಅವಳ ಮುಖ ಸಣ್ಣದಾಗುತ್ತಾ ಬಂತು. ಕೊನೆಗೆ ಎದ್ದು, ಬಾಕ್ಸನ್ನು ಎದೆಗವಚಿಕೊಂಡು, ನನ್ನ ಎದುರಿಗೇ ಇದ್ದ ದೊಡ್ಡವಳ ಬಳಿ ಬಂದಳು. ನಾನು ಅಲ್ಲೇ ಇರುವುದನ್ನು ಇಬ್ಬರೂ ಕಂಡರು. ಆದರೂ ಸಣ್ಣವಳು ಬಾಕ್ಸ್ ಚಾಚಿದಳು.

"ಪ್ಲೀಸ್," ಎಂದಳು.

ದೊಡ್ಡವಳು ಮೊಟ್ಟೆ ತೆಗೆದುಕೊಂಡಳು. ಎಡಗೈಯಿಂದ ಮೂಗು ಬಿಗಿಯಾಗಿ ಹಿಡಿದಳು. ಕಣ್ಣು ಮುಚ್ಚಿ, ಮೊಟ್ಟೆಯನ್ನು ಬಾಯಿಗೆ ತುರುಕಿ, ನೀರು ಸುರಿದುಕೊಂಡು ಮಾತ್ರೆ ನುಂಗುವ ಹಾಗೆ ನುಂಗಿದಳು. ಕಣ್ಣಂಚಿನಲ್ಲಿ ನೀರು ಬಂದಿತ್ತು. ಒಮ್ಮೆ ನಡುಗಿ, ಖುಬ್ಬೂಸಿಗೆ ಕೈ ಹಾಕಿದಳು.

ಕಸಿದು ತಿನ್ನುವವರು ಹೀಗೆ ತಿನ್ನುವುದಿಲ್ಲ. ನನ್ನ ಅನುಮಾನ ಅಲ್ಲೇ ಮಗ್ಗುಲು ಬದಲಿಸಿತು. ಹಾಗಾದರೆ ಹೆದರಿಸುತ್ತಿರುವವಳು ಈ ಸಣ್ಣವಳೇ? ಇಂಗ್ಲಿಷ್ ಬಲ್ಲವಳು, ಎಲ್ಲರ ಮನೆಯ ಹುಟ್ಟುಹಬ್ಬಕ್ಕೂ ಹೋಗುವವಳು, ಹೊಸದಾಗಿ ಬಂದವಳಿಗೆ ತನಗೆ ಬೇಡವಾದದ್ದನ್ನು ತಿನ್ನಿಸುತ್ತಿದ್ದಾಳೆಯೇ? ಅದೂ ಸಾಧ್ಯವಿತ್ತು. ಮಕ್ಕಳಲ್ಲಿ ಕ್ರೌರ್ಯ ಎತ್ತರ ನೋಡಿ ಬರುವುದಿಲ್ಲ.

ಅಂದು ಶಾಲೆ ಬಿಡುವ ಮೊದಲು ಇನ್ನೊಂದು ಕಂಡಿತು. ಕಾರಿಡಾರಿನ ಕೊನೆಯಲ್ಲಿ ಗಿಡದ ಕುಂಡವೊಂದಿದೆ. ಸಣ್ಣವಳು ಸಾಲಿನಿಂದ ಹಿಂದುಳಿದು, ತನ್ನ ನೀರಿನ ಬಾಟಲಿಯನ್ನು ತೆರೆದು ಪೂರ್ತಿ ಕುಂಡಕ್ಕೆ ಸುರಿದಳು. ಬೆಳಿಗ್ಗೆ ತಂದ ನೀರು ಹಾಗೆಯೇ ಇತ್ತು. ಬಾಟಲಿ ಖಾಲಿಯಾದ ಮೇಲೆ ಮುಚ್ಚಳ ಹಾಕಿ, ತುಟಿ ನೆಕ್ಕಿಕೊಂಡು ಓಡಿದಳು. ತುಟಿ ಒಡೆದಿತ್ತು.

ಮನೆಗೆ ಹೋಗುವ ವ್ಯಾನಿನಲ್ಲಿ ಇದೇ ಯೋಚನೆ. ಮೊಟ್ಟೆ ಇಷ್ಟವಿಲ್ಲದಿರಬಹುದು. ಚೀಸ್ ಇಷ್ಟವಿಲ್ಲದಿರಬಹುದು. ನೀರು? ಈ ಊರಿನ ಸೆಖೆಯಲ್ಲಿ ನೀರು ಬೇಡವೆನ್ನುವ ಮಗು ಯಾವುದು? ಯೋಚಿಸುತ್ತಾ ನನ್ನ ಕಾಲೇಜಿನ ದಿನಗಳು ನೆನಪಾದವು. ಮಂಗಳೂರಿನಿಂದ ಘಟ್ಟ ಹತ್ತುವ ಬಸ್ಸಿಗೆ ಹೋಗುವ ದಿನ ನಾನು ಬೆಳಿಗ್ಗಿನಿಂದಲೇ ನೀರು ಮುಟ್ಟುತ್ತಿರಲಿಲ್ಲ. ಚಹಾ ಕೊಟ್ಟರೂ ಬೇಡ. ದಾರಿಯಲ್ಲಿ ಎಲ್ಲಿ ಹೋಗುವುದು ಎಂಬ ಹೆದರಿಕೆ. ನಮ್ಮ ಕಡೆಯ ಹೆಂಗಸರಿಗೆಲ್ಲ ಗೊತ್ತಿರುವ ಉಪವಾಸ ಅದು. ವ್ಯಾನಿನಲ್ಲಿ ಕೂತಿದ್ದವಳು ಒಮ್ಮೆಲೇ ನೆಟ್ಟಗಾದೆ. ಆ ಮಗು ಶೌಚಾಲಯಕ್ಕೆ ಹೋಗಲು ಹೆದರುತ್ತಿದೆ.

ಯಾರಿಗೆ ಹೆದರುತ್ತಿದೆ? ಅಲ್ಲಿ ಯಾರಿರುತ್ತಾರೆ? ಮನಸ್ಸಿಗೆ ಬಂದ ಒಂದೊಂದು ಉತ್ತರವೂ ಇನ್ನೊಂದಕ್ಕಿಂತ ಕೆಟ್ಟದಾಗಿತ್ತು. ಸ್ವಚ್ಛ ಮಾಡುವ ಹೆಂಗಸನ್ನು, ದೊಡ್ಡ ತರಗತಿಯ ಹುಡುಗಿಯರನ್ನು, ವ್ಯಾನಿಗೆ ಮಕ್ಕಳನ್ನು ಹತ್ತಿಸುವವರನ್ನು ಒಬ್ಬೊಬ್ಬರನ್ನಾಗಿ ಮನಸ್ಸಿನಲ್ಲಿ ನಿಲ್ಲಿಸಿ ನೋಡಿದೆ. ಸಂಜೆ ಗಂಡನಿಗೆ ಹೇಳಿದರೆ ಅವರೂ ತಮಾಷೆ ಮಾಡಲಿಲ್ಲ. "ನಾಳೆ ಹೋಗಿ ಮೊದಲು ಆ ಜಾಗ ನೋಡು" ಎಂದರು.

ಮರುದಿನ ನನ್ನ ತರಗತಿಗೆ ಅರಬ್ಬಿ ಪಾಠ ಇದ್ದ ಹೊತ್ತಿಗೆ ನಾನು ಮಕ್ಕಳ ಶೌಚಾಲಯಕ್ಕೆ ಹೋದೆ. ಹುಡುಗಿಯರ ವಿಭಾಗವಾದ್ದರಿಂದ ಕಿಟಕಿಗಳನ್ನು ಮುಚ್ಚಿಬಿಟ್ಟಿದ್ದಾರೆ, ಹೊರಗಿನ ಬೆಳಕು ಇಲ್ಲ. ಮನುಷ್ಯರು ಅಲುಗಾಡಿದರೆ ತಾನಾಗಿಯೇ ಹತ್ತುವ ದೀಪ. ಗಾಳಿ ಹೊರಹಾಕುವ ಫ್ಯಾನು ಗುರ್ರೆನ್ನುತ್ತಿತ್ತು. ಎಲ್ಲ ಸ್ವಚ್ಛವಾಗಿಯೇ ಇತ್ತು, ಯಾರೂ ಇರಲಿಲ್ಲ. ಒಂದೊಂದು ಬಾಗಿಲನ್ನೂ ತಳ್ಳಿ ನೋಡಿ, ಕೊನೆಯದರ ಒಳಗೆ ಹೋಗಿ, ಮಗು ಮಾಡುವಂತೆಯೇ ಮಾಡಿ ನೋಡೋಣವೆಂದು ಚಿಲಕ ಹಾಕಿಕೊಂಡು ನಿಂತೆ. ಸಂದುಗೊಂದು ಪರೀಕ್ಷಿಸುತ್ತಿದ್ದೆ. ಆಗ ದೀಪ ಆರಿತು.

ಕೈ ಬೀಸಿದೆ. ಹತ್ತಲಿಲ್ಲ. ದೀಪದ ಕಣ್ಣು ಬಾಗಿಲಿನ ಹೊರಗೆ, ಛಾವಣಿಯಲ್ಲಿತ್ತು. ಒಳಗಿದ್ದವರು ಅದಕ್ಕೆ ಕಾಣುವುದಿಲ್ಲ. ತಡವರಿಸಿ ಚಿಲಕ ಎಳೆದರೆ ಅದು ಜಗ್ಗಲಿಲ್ಲ. ಮತ್ತೆ ಎಳೆದೆ. ಬೆರಳಿನ ಚರ್ಮ ಸುಲಿಯಿತು. ಬಾಗಿಲು ಬಡಿದು, "ಖಾಲಾ! ಖಾಲಾ!" ಎಂದು ಸ್ವಚ್ಛ ಮಾಡುವ ಹೆಂಗಸನ್ನು ಕೂಗಿದೆ. ಫ್ಯಾನಿನ ಸದ್ದಿಗೆ ನನ್ನ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ. ಮೊಬೈಲು ಮೇಜಿನ ಮೇಲಿತ್ತು. ನಾನು ದೊಡ್ಡ ಹೆಂಗಸು, ಇದು ಶಾಲೆ, ಇನ್ನೇನು ಯಾರಾದರೂ ಬರುತ್ತಾರೆ ಎಂದೆಲ್ಲ ಗೊತ್ತಿದ್ದೂ ಎದೆ ಹೊಡೆದುಕೊಳ್ಳತೊಡಗಿತು.

ಬಾಗಿಲಿನ ಕೆಳಗಿನ ಸಂದಿಯಲ್ಲಿ ಬೆಳಕು ಬಂತು. ಯಾರೋ ಒಳಗೆ ಬಂದಿದ್ದರು. ಸಣ್ಣ ಹೆಜ್ಜೆಗಳು ನನ್ನ ಬಾಗಿಲಿನ ಮುಂದೆ ನಿಂತವು.

"ಟೀಚರ್? ಚಿಲಕ ಎಳೀಬೇಡಿ."

ದೊಡ್ಡವಳ ದನಿ.

"ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆ ಎತ್ತಿ. ಎತ್ತಿದ್ರಾ? ಹಾಗೇ ಹಿಡ್ಕೊಳ್ಳಿ. ನಾನೂ ಇಲ್ಲಿಂದ ಎತ್ತುತ್ತೇನೆ. ಈಗ ಮೆಲ್ಲ ಚಿಲಕ ತೆಗೀರಿ."

ಚಿಲಕ ಸರಿಯಿತು. ಬಾಗಿಲು ತೆರೆದಾಗ ಅವಳು ಎದುರಿಗೇ ನಿಂತಿದ್ದಳು, ಕೈಗೆ ಹತ್ತಿದ ಧೂಳನ್ನು ಒರೆಸಿಕೊಳ್ಳುತ್ತಾ. ಆ ಕ್ಷಣದಲ್ಲೂ ನನ್ನ ಬಾಯಿಂದ ಬಂದದ್ದು, "ನೀನು ಯಾಕೆ ಇಲ್ಲಿಗೆ ಬಂದೆ? ಅರಬ್ಬಿ ಪಾಠ ಇಲ್ವಾ?" ಎಂಬ ಮಾತು.

"ನೀವು ಈ ಕಡೆ ಬರುದು ಕಂಡಿತು. ಎಷ್ಟು ಹೊತ್ತಾದ್ರೂ ವಾಪಸ್ ಬರ್ಲಿಲ್ಲ. ಈ ಬಾಗಿಲು ಒಳ್ಳೇದಲ್ಲ ಟೀಚರ್. ಅದಕ್ಕೆ ಅರಬ್ಬಿ ಟೀಚರ್ ಹತ್ರ ಕೇಳಿ ಬಂದೆ."

"ಇದು ಒಳ್ಳೇದಲ್ಲ ಅಂತ ನಿನಗೆ ಹೇಗೆ ಗೊತ್ತು?"

ಅವಳು ನೆಲ ನೋಡಿದಳು.

"ಯಾರಾದ್ರೂ ಸಿಕ್ಕಿಬಿದ್ದಿದ್ರಾ ಇದರಲ್ಲಿ?"

"ನಾನು ಹೇಳುದಿಲ್ಲ ಅಂತ ಹೇಳಿದ್ದೇನೆ ಟೀಚರ್. ಅಲ್ಲಾಹನ ಮೇಲೆ ಆಣೆ ಹಾಕಿದ್ದೇನೆ."

"ಸರಿ, ಹೇಳ್ಬೇಡ. ನಾನು ಹೇಳ್ತೇನೆ, ತಪ್ಪಾದ್ರೆ ತಲೆ ಅಲ್ಲಾಡಿಸು" ಎಂದು ಅವಳ ಎದುರು ಕುಕ್ಕುರು ಕೂತೆ. "ನಿನ್ನ ಗೆಳತಿ ಒಳಗೆ ಹೋದ್ಲು. ದೀಪ ಹೋಯ್ತು. ಚಿಲಕ ಬರ್ಲಿಲ್ಲ. ಕೂಗಿದ್ಲು. ನೀನು ಬಂದು ತೆಗೆಸಿದಿ."

ತಲೆ ಅಲ್ಲಾಡಲಿಲ್ಲ. ಅವಳ ಕಣ್ಣು ನನ್ನ ಸುಲಿದ ಬೆರಳಿನ ಮೇಲಿತ್ತು.

"ಅವಳು ತುಂಬ ಹೆದರಿದ್ಲು. ಬಟ್ಟೆ ಒದ್ದೆಯಾಯ್ತು."

ಆಗಲೂ ಅಲ್ಲಾಡಲಿಲ್ಲ. ಆಮೇಲೆ ತಡೆಯಲಾರದೆ ತಾನೇ ಹೇಳತೊಡಗಿದಳು. ತರಗತಿಯ ಏಸಿಯ ಚಳಿಗೆ ಹಾಕಿಕೊಂಡಿದ್ದ ತನ್ನ ಸ್ವೆಟರನ್ನು ಅವಳ ಸೊಂಟಕ್ಕೆ ಕಟ್ಟಿದ್ದು, ಬಾಟಲಿಯ ನೀರು ಚೆಲ್ಲಿತು ಎಂದು ಎಲ್ಲರಿಗೂ ಹೇಳಿದ್ದು. ಅಂದಿನಿಂದ ಸಣ್ಣವಳು ಶಾಲೆಯಲ್ಲಿ ಏನೂ ತಿನ್ನುವುದಿಲ್ಲ, ಕುಡಿಯುವುದಿಲ್ಲ. ತಿಂದರೆ, ಕುಡಿದರೆ ಇಲ್ಲಿಗೆ ಬರಬೇಕಲ್ಲ. ಆದರೆ ಬಾಕ್ಸ್ ಖಾಲಿಯಾಗದೆ ಮನೆಗೆ ಹೋದರೆ ಉಮ್ಮ ಬಯ್ಯುತ್ತಾರೆ, ಯಾಕೆ ತಿನ್ನಲಿಲ್ಲ ಎಂದು ಕೇಳುತ್ತಾರೆ, ಕೇಳಿದರೆ ಎಲ್ಲ ಹೊರಗೆ ಬರುತ್ತದೆ.

"ಕಸದ ಬುಟ್ಟಿಗೆ ಹಾಕ್ಬಹುದಿತ್ತಲ್ಲ?"

"ಬುಟ್ಟಿ ನಿಮ್ಮ ಮೇಜಿನ ಹತ್ರ ಉಂಟು ಟೀಚರ್. ನೀವು ನೋಡ್ತೀರಿ. ನೀವು ಎಲ್ಲ ನೋಡ್ತೀರಿ."

"ನಿನಗೆ ಮೊಟ್ಟೆ ಇಷ್ಟವಾ?"

ಅವಳ ಇಡೀ ಮುಖ ಮುದುಡಿತು. "ಛೀ. ವಾಸನೆ."

ನಾನು ಆ ಎಲೆಯ ಮಾತೆತ್ತಿದೆ. ಇಷ್ಟು ದಿನ ಯಾಕೆ ಕೇಳಲಿಲ್ಲ ಎಂದೆ. ಅವಳಿಗೆ ಪ್ರಶ್ನೆಯೇ ಪೆದ್ದಾಗಿ ಕಂಡಿರಬೇಕು. "ಎಲೆ ಹಾಕಿದ್ರೆ ಯಾಕೆ ಹಾಕಿದ್ದು ಅಂತ ಎಲ್ರೂ ಕೇಳ್ತಾರಲ್ಲ ಟೀಚರ್" ಎಂದು, ಅರಬ್ಬಿ ಪಾಠಕ್ಕೆ ಓಡಿದಳು.

ಚಿಲಕದ ವಿಷಯವನ್ನು ನಾನು ಮೇಡಂಗೆ ತಿಳಿಸಿದೆ, ನಾನೇ ಸಿಕ್ಕಿಬಿದ್ದೆ ಎಂದೇ ಹೇಳಿದೆ. ಮೇಡಂ ಒಮ್ಮೆ ನನ್ನನ್ನು, ಒಮ್ಮೆ ನನ್ನ ಬೆರಳನ್ನು ನೋಡಿ, "ಮಕ್ಕಳ ಟಾಯ್ಲೆಟ್ಟಿನಲ್ಲಿ ನಿಮಗೇನು ಕೆಲಸ?" ಎಂದರು. ಅವರೂ ನನ್ನಂಥವರೇ. ಗಂಡಸರು ಕೆಲಸಕ್ಕೆ ಒಳಗೆ ಬರಬೇಕಾದರೆ ಹುಡುಗಿಯರೆಲ್ಲ ಮನೆಗೆ ಹೋಗಿರಬೇಕು. ರಿಪೇರಿಯವರು ಬರುವುದೂ ವಾರದ ಕೊನೆಯ ದಿನ ಮಾತ್ರ, ಹಾಗಾಗಿ ಗುರುವಾರ ಮಧ್ಯಾಹ್ನದವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ ಆ ಬಾಗಿಲಿಗೆ ಅಡ್ಡಲಾಗಿ ಬಕೆಟ್ಟು ಇಡಿಸಿದೆ.

ಆ ದಿನಗಳಲ್ಲಿ ನಾನು ಸಣ್ಣವಳನ್ನು ಶಿಕ್ಷಕಿಯರ ಶೌಚಾಲಯಕ್ಕೆ ಕರೆದುಕೊಂಡು ಹೋದೆ. "ನೀನು ಚಿಲಕ ಹಾಕ್ಬೇಡ, ನಾನು ಹೊರಗೆ ಬಾಗಿಲು ಹಿಡ್ಕೊಂಡಿರ್ತೇನೆ" ಎಂದರೆ ಅವಳು ನನ್ನನ್ನು ನಂಬಲಿಲ್ಲ. ದೀಪದ ಸ್ವಿಚ್ಚು ಎಲ್ಲಿದೆ ಎಂದು ಕೇಳಿದಳು. ಒಳಗಿದೆಯೋ ಹೊರಗಿದೆಯೋ ನೋಡಿದಳು. ಹೊರಗಿತ್ತು. ನನ್ನ ಕೈಯನ್ನು ಸ್ವಿಚ್ಚಿನಿಂದ ದೂರ ಎಳೆದು ಬಾಗಿಲಿನ ಹಿಡಿಯ ಮೇಲೆ ಇಡಿಸಿದಳು.

"ಮಿಸ್, ಇದ್ದೀರಾ?" ಒಳಗಿನಿಂದ ಕೇಳಿದಳು.

"ಇದ್ದೇನೆ."

ಸ್ವಲ್ಪ ಹೊತ್ತಿಗೆ, "ಮಿಸ್, ಈಗ ಇದ್ದೀರಾ?"

"ಇದ್ದೇನೆ ಮಗಾ, ಎಲ್ಲಿಗೂ ಹೋಗಿಲ್ಲ."

ಮೊದಲ ದಿನ ಅವಳು ಕೇಳುತ್ತಲೇ ಇದ್ದಳು. ನಾನು ಹೇಳುತ್ತಲೇ ಇದ್ದೆ. ಕೈ ತೊಳೆಯಲು ಬಂದ ಇನ್ನೊಬ್ಬ ಶಿಕ್ಷಕಿ ನಾನು ಬಾಗಿಲಿನೊಡನೆ ಮಾತಾಡುತ್ತಿರುವುದನ್ನು ಕಂಡು ವಿಚಿತ್ರವಾಗಿ ನೋಡಿ ಹೋದರು. ಗುರುವಾರದ ಹೊತ್ತಿಗೆ ಒಂದೇ ಸಲ ಕೇಳಿ ಸುಮ್ಮನಾಗಿದ್ದಳು. ಆ ದಿನ ತನ್ನ ಖುಬ್ಬೂಸಿನಲ್ಲಿ ಅರ್ಧ ತಿಂದಳು, ನೀರನ್ನೂ ಕುಡಿದಳು.

ಅಷ್ಟರಲ್ಲಿ ಅವಳ ತಾಯಿಯ ಮೆಸೇಜ್ ಬಂತು. ದನಿಯಲ್ಲಿ ಗೆದ್ದ ಖುಷಿ. "ನೋಡಿ ಟೀಚರ್, ನಾನು ಹೇಳ್ಲಿಲ್ವಾ? ಜಾಗ ಬದಲಿಸಿದ್ದೇ ತಡ, ಮಗು ಸರಿ ಆಯ್ತು. ಈಗ ಮನೆಗೆ ಬಂದು ಆಟ ಆಡ್ತಾಳೆ."

ಆಕೆಯ ಲೆಕ್ಕದಲ್ಲಿ ಎಲ್ಲವೂ ಸರಿಹೊಂದಿತ್ತು. ಸುದ್ದಿ ತಾಯಂದಿರ ಗುಂಪಿಗೂ ಹೋಗಿತ್ತು. ಯಾರ ಹೆಸರೂ ಇಲ್ಲದ, ಆದರೆ ಎಲ್ಲರಿಗೂ ಅರ್ಥವಾಗುವ ಮೆಸೇಜುಗಳು: ನಿಮ್ಮ ಮಕ್ಕಳ ಬಾಕ್ಸ್ ಜಾಗ್ರತೆ. ತರಗತಿಯಲ್ಲಿ ಅದರ ಗುರುತು ಕಾಣತೊಡಗಿತು. ದೊಡ್ಡವಳು ಹತ್ತಿರ ಹೋದರೆ ಒಬ್ಬಳು ತನ್ನ ಬಾಕ್ಸಿನ ಮುಚ್ಚಳ ಹಾಕಿದಳು. ಇನ್ನೊಬ್ಬಳು, "ನಮ್ಮಮ್ಮ ಹೇಳಿದ್ದಾರೆ, ನಿನ್ನ ಹತ್ರ ಕೂರ್ಬಾರ್ದು" ಎಂದು ಅವಳ ಮುಖಕ್ಕೇ ಹೇಳಿದಳು. ದೊಡ್ಡವಳು ತನ್ನ ಚಪಾತಿ ತಿಂದಳು. ಒಂದು ಮಾತು ಆಡಿದ್ದರೆ ಎಲ್ಲ ಮುಗಿಯುತ್ತಿತ್ತು. ಅವಳು ಆಡಲಿಲ್ಲ.

ನನಗೂ ಆಡುವಂತಿರಲಿಲ್ಲ. ಆ ಸಣ್ಣವಳ ಗುಟ್ಟು ನನ್ನದಲ್ಲ. ಕೊನೆಗೆ ಅವಳನ್ನೇ ಹತ್ತಿರ ಕೂರಿಸಿಕೊಂಡು ಕನ್ನಡದಲ್ಲೇ ಕೇಳಿದೆ. "ನಿನ್ನ ಉಮ್ಮನಿಗೆ ಮಾತ್ರ ಹೇಳ್ಲಾ? ಬೇರೆ ಯಾರಿಗೂ ಅಲ್ಲ. ನಿನ್ನ ಫ್ರೆಂಡನ್ನು ಎಲ್ರೂ ಕಳ್ಳಿ ಅಂತಿದ್ದಾರೆ."

"ಉಮ್ಮ ನಗ್ತಾರಾ?"

"ಇಲ್ಲ."

"ನಿಮಗೆ ಹೇಗೆ ಗೊತ್ತು?"

ಅವಳು ತನ್ನ ರಿಬ್ಬನ್ನಿನ ತುದಿಯನ್ನು ಬಾಯಲ್ಲಿಟ್ಟು ಕಚ್ಚಿದಳು. "ನೀವು ಹೇಳ್ಬೇಡಿ. ನಾನೇ ಹೇಳ್ತೇನೆ" ಎಂದಳು.

ಶುಕ್ರವಾರ, ಶನಿವಾರದ ರಜೆ ಕಳೆದು ಭಾನುವಾರ ಶಾಲೆ ಬಿಡುವ ಹೊತ್ತಿಗೆ ಆ ತಾಯಿ ಬಂದರು. ಮುಖದಲ್ಲಿ ಕೋಪವೋ ಅಳುವೋ ತಿಳಿಯದಂಥ ಬಿಗಿ.

"ಟೀಚರ್, ಸತ್ಯ ಹೇಳಿ. ಮಗು ಮನೆಯಲ್ಲಿ ಹೇಳಿದ್ದು ನೀವು ಹೇಳಿಕೊಟ್ಟದ್ದಾ?"

"ನಾನು ಹೇಳಿಕೊಟ್ಟದ್ದಲ್ಲ."

"ಹಾಗಾದ್ರೆ ಆ ಬಾಗಿಲು ತೋರಿಸಿ."

ಕರೆದುಕೊಂಡು ಹೋದೆ. ಆದರೆ ಗುರುವಾರವೇ ಕೆಲಸದವರು ಬಂದು ಹೋಗಿದ್ದರು. ಹೊಸ ಚಿಲಕ ಥಳಥಳ ಹೊಳೆಯುತ್ತಿತ್ತು. ಬಾಗಿಲು ಬೆರಳು ತಾಗಿದರೆ ಸರಿಯುವಷ್ಟು ಹಗುರವಾಗಿತ್ತು. ದೀಪವನ್ನೂ ಸದಾ ಉರಿಯುವಂತೆ ಮಾಡಿದ್ದರು. ಆಕೆ ಚಿಲಕವನ್ನು ಹಾಕಿ ತೆಗೆದು, ಹಾಕಿ ತೆಗೆದು ನೋಡಿದರು. "ಇದು ಚೆನ್ನಾಗೇ ಉಂಟಲ್ಲ?" ಎಂದು ನನ್ನ ಮುಖ ನೋಡಿದರು. ನಾನು ಹೇಳುವುದೆಲ್ಲ ಕಟ್ಟುಕತೆಯಂತೆ ನನಗೇ ಕೇಳಿಸಿತು.

ಇಬ್ಬರೂ ಗೇಟಿನ ಕಡೆ ನಡೆದೆವು. ಅಲ್ಲಿ, ಗೋಡೆಯ ನೆರಳಿನಲ್ಲಿ, ದೊಡ್ಡವಳ ತಾಯಿ ಮಗಳಿಗಾಗಿ ಕಾಯುತ್ತಿದ್ದರು. ಸಾದಾ ಕಪ್ಪು ಅಬಾಯಾ, ಕಂಕುಳಲ್ಲಿ ಇನ್ನೊಂದು ಮಗು. ಸಣ್ಣವಳ ತಾಯಿ ನನ್ನನ್ನು ಬಿಟ್ಟು ನೇರವಾಗಿ ಅವರ ಬಳಿ ಹೋದರು. ನಾನು ಬೆನ್ನಿಗೇ ಹೋದೆ.

"ನಿಮ್ಮ ಮಗಳಿಗೆ ಮೊಟ್ಟೆ ಅಂದ್ರೆ ಇಷ್ಟವಾ?" ನಮಸ್ಕಾರ, ಸಲಾಂ ಯಾವುದೂ ಇಲ್ಲದೆ ಕೇಳಿದರು.

ಆ ತಾಯಿ ಗಾಬರಿಯಿಂದ ನನ್ನನ್ನು ನೋಡಿದರು. "ಎಂತ ಆಯ್ತು ಟೀಚರ್? ಎಂತಾದ್ರೂ ಮಾಡಿದ್ಲಾ?"

"ಏನಿಲ್ಲ, ಹೇಳಿ" ಎಂದೆ.

"ಮೊಟ್ಟೆಯಾ? ಮನೆಯಲ್ಲಿ ಮೊಟ್ಟೆ ಬೇಯ್ಲಿಕ್ಕೆ ಇಟ್ರೆ ಬಾಗಿಲು ಹಾಕ್ಕೊಂಡು ಕೂರ್ತಾಳೆ. ಮುಟ್ಟುದೇ ಇಲ್ಲ. ಯಾಕೆ?"

ಸಣ್ಣವಳ ತಾಯಿ, "ಅವಳ ಸ್ವೆಟರು?" ಎಂದರು.

"ಸ್ವೆಟರಾ? ಒಂದು ದಿನ ವಾಸನೆ ಮಾಡ್ಕೊಂಡು ಬಂದಿದ್ಲು. ಎಂತದು ಅಂತ ಕೇಳಿದ್ರೆ ನೀರು ಬಿತ್ತು ಅಂದ್ಲು. ನೀರು ಬಿದ್ರೆ ಅಂಥ ವಾಸನೆ ಬರ್ತದಾ? ಇಷ್ಟು ದೊಡ್ಡವಳಾಗಿ ನಾಚಿಕೆ ಆಗುದಿಲ್ವಾ ಅಂತ ಸರಿಯಾಗಿ ಬೈದೆ." ಆಮೇಲೆ ದನಿ ತಗ್ಗಿಸಿ ಕೇಳಿದರು, "ನಿಮಗೆ ಹೇಗೆ ಗೊತ್ತು?"

ಸಣ್ಣವಳ ತಾಯಿಯ ಮುಖದ ಬಿಗಿ ಒಮ್ಮೆಲೇ ಕಳಚಿತು. ಹತ್ತಿರ ಹೋಗಿ ಆ ತಾಯಿಯ ಕೈ ಹಿಡಿದು, ಬಹಳ ಮೆಲ್ಲನೆ, "ಅದು ಅವಳದ್ದಲ್ಲ. ನನ್ನ ಮಗಳದ್ದು" ಎಂದರು.

ತಾನು ಬೈದದ್ದಕ್ಕೂ, ಮಗಳು ಬೈಸಿಕೊಂಡು ಸುಮ್ಮನಿದ್ದದ್ದಕ್ಕೂ ಅರ್ಥ ಕೂಡಿಕೊಳ್ಳಲು ದೊಡ್ಡವಳ ತಾಯಿಗೆ ಸ್ವಲ್ಪ ಹೊತ್ತು ಬೇಕಾಯಿತು. ಕೂಡಿಕೊಂಡ ಮೇಲೆ ಆಕೆ ಮಗಳು ಬರುವ ದಾರಿಯನ್ನೇ ನೋಡುತ್ತಾ ನಿಂತುಬಿಟ್ಟರು. ಕಂಕುಳ ಮಗು ಅವರ ತಲೆವಸ್ತ್ರವನ್ನು ಎಳೆಯುತ್ತಿದ್ದರೂ ಗಮನ ಇರಲಿಲ್ಲ.

ಮರುದಿನ ಸಣ್ಣವಳ ತಾಯಿ ಫೋನು ಮಾಡಿ, ಇಬ್ಬರನ್ನೂ ಮತ್ತೆ ಒಟ್ಟಿಗೆ ಕೂರಿಸಿ ಎಂದರು. "ಆದ್ರೆ ಟೀಚರ್, ಯಾಕೆ ಅಂತ ಯಾರಿಗೂ ಹೇಳ್ಬೇಡಿ."

"ಗುಂಪಿನಲ್ಲಿ ಆ ಹುಡುಗಿಯ ಬಗ್ಗೆ ಬಂದದ್ದಕ್ಕೆ ಏನು ಮಾಡ್ತೀರಿ?" ಎಂದು ಕೇಳಿಯೇಬಿಟ್ಟೆ.

ಆಕೆ ಗುಂಪಿಗೆ ಹೀಗೆ ಬರೆದರು: ತಿಂಡಿಯ ವಿಷಯದಲ್ಲಿ ತಪ್ಪು ತಿಳಿದದ್ದು ನಾನೇ, ಆ ಮಗು ನನ್ನ ಮಗಳಿಗೆ ದೊಡ್ಡ ಉಪಕಾರ ಮಾಡಿದ್ದಾಳೆ, ಯಾರೂ ಅವಳ ಬಗ್ಗೆ ಮಾತಾಡಬೇಡಿ. ಏನು ಉಪಕಾರ ಎಂದು ಬರೆಯಲಿಲ್ಲ. ಅಷ್ಟು ಸಾಕಾಯಿತೇ ಎಂದರೆ, ಎಲ್ಲರಿಗೂ ಸಾಕಾಗಲಿಲ್ಲ. ಶಾಲೆಯವರು ಬರೆಸಿರಬೇಕು ಎಂದು ಒಬ್ಬಿಬ್ಬರು ನನ್ನ ಬಳಿಯೇ ಬಂದು ಹೇಳಿದರು. ಒಬ್ಬ ಹುಡುಗಿ ಆಮೇಲೆಯೂ ತನ್ನ ಬಾಕ್ಸಿನ ಮೇಲೆ ಕೈ ಇಟ್ಟುಕೊಂಡೇ ತಿನ್ನುತ್ತಿದ್ದಳು.

ಇಬ್ಬರನ್ನೂ ಮೂರನೆಯ ಸಾಲಿಗೆ ಕಳಿಸಿದ ದಿನ ನಾನು ಬೋರ್ಡಿನ ಕಡೆ ತಿರುಗಿ ಮಗ್ಗಿ ಬರೆಯುತ್ತಿದ್ದೆ. ಹಿಂದೆ ಗುಸುಗುಸು ಶುರುವಾಗಿ ಜೋರಾಯಿತು. ಗೋಡೆಯ ಪಕ್ಕದ ಜಾಗ ಯಾರಿಗೆ ಎಂದು ಜಗಳ. "ಅದು ನಂದು," ಎಂದು ದೊಡ್ಡವಳು. "ನೋ, ಮೈನ್," ಎಂದು ಸಣ್ಣವಳು. ಚೀಲವೊಂದು ದಡ್ಡೆಂದು ಕೆಳಗೆ ಬಿತ್ತು. "ನಿನ್ನ ಹತ್ರ ಮಾತಾಡುದಿಲ್ಲ, ಹೋಗು!" ಈ ಸಲ ಸಣ್ಣವಳು ಅಚ್ಚ ಕನ್ನಡದಲ್ಲೇ ಕಿರುಚಿದಳು. ನಾನು ತಿರುಗಿ ನೋಡದೆ ಮಗ್ಗಿಯ ಮುಂದಿನ ಸಾಲು ಬರೆದೆ.